ಉಪ್ಪುನೀರಿನ ಊಟ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಕೆಸರು ಮೇಡಂ’ ಅಂತ. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿಗೆ ಹೋಗಿ, ಬೇರುಗಳ ನಡುವೆ ಮೊಣಕಾಲುದ್ದ ಹೂತುಕೊಂಡು, ಕೊಳೆತ ಮೊಟ್ಟೆಯಂತೆ ನಾರುವ ಕಪ್ಪು ಕೆಸರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಬರುತ್ತಿದ್ದವಳಿಗೆ ಇನ್ಯಾವ ಹೆಸರು ತಾನೇ ಬಂದೀತು!

ಅವಳಿಗೆ ಬೇಕಿದ್ದದ್ದು ಆ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ. ಆಸ್ಪತ್ರೆಯಲ್ಲಿ ಮಲಗಿದವರ ರಕ್ತಕ್ಕೆ ಇಳಿದು, ಇದ್ದಬದ್ದ ಔಷಧಿಗಳಿಗೆಲ್ಲ ಸಡ್ಡು ಹೊಡೆಯುವ ಒಂದು ಶಿಲೀಂಧ್ರವಿತ್ತು. ಅಂಗೈಯಗಲ ಜಾಗಕ್ಕೂ ಕಿತ್ತಾಡಿಕೊಂಡು ಬದುಕುವ ಕೆಸರಿನ ಬ್ಯಾಕ್ಟೀರಿಯಾಗಳಲ್ಲಿ ಒಂದಾದರೂ ಅದನ್ನು ಹೊಡೆದೋಡಿಸುವ ರಸ ಒಸರಿಸೀತು ಎಂಬುದು ಅವಳ ನಂಬಿಕೆ. ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದರ ಒಂದು ತುಣುಕನ್ನು ಶಿಲೀಂಧ್ರ ಹರಡಿದ ತಟ್ಟೆಯ ನಡುವೆ ಇಟ್ಟು ಕಾಯುವುದು. ರಸ ಕೆಲಸ ಮಾಡಿದರೆ ತುಣುಕಿನ ಸುತ್ತ ಏನೂ ಬೆಳೆಯದೆ, ಬಳೆಯಂಥ ಖಾಲಿ ಜಾಗ ಉಳಿಯಬೇಕು. ಆರುನೂರ ಹನ್ನೊಂದು ಬಗೆ ನೋಡಿದ್ದಾಯಿತು, ಒಂದೇ ಒಂದು ಬಳೆ ಮೂಡಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ಅವಳ ಪಾಡು.

ಒಂದು ಮಧ್ಯಾಹ್ನ ಅವಳು ಮನೆಯಲ್ಲೇ ಮರೆತುಹೋದ ಕನ್ನಡಕ ಹಿಡಿದುಕೊಂಡು ಅವಳ ಅಮ್ಮ ಬಂದಳು. ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ, ಆಗಷ್ಟೇ ಸೌಟು ಕೆಳಗಿಟ್ಟು ಮಗಳ ಮನೆ ಸೇರಿದ್ದವಳು. ತೆರೆದ ಗಾಜಿನ ಬಾಗಿಲ ಬಳಿ ನಿಂತು, ಮಗಳು ಬಿಸಿ ದ್ರವ ಕಲಕುವುದನ್ನು ನೋಡಿದಳು.

“ಇದೇನೇ, ಗಂಜಿ ಕಾಯಿಸ್ತಿದೀಯ?”

“ನನ್ನ ಬ್ಯಾಕ್ಟೀರಿಯಾಗಳ ಊಟ ಅಮ್ಮ. ಪಿಷ್ಟ, ಸಕ್ಕರೆ, ಒಂಚೂರು ಯೀಸ್ಟು. ಆರಿದ ಮೇಲೆ ಹಲ್ವಾ ಥರ ಗಟ್ಟಿಯಾಗುತ್ತೆ.”

“ಉಪ್ಪು?”

“ಉಪ್ಪು ಹಾಕಲ್ಲ.”

“ಅಯ್ಯೋ ನಿನ್ನ! ಸಮುದ್ರದ ಬಾಯಲ್ಲಿ ಹುಟ್ಟಿದವಕ್ಕೆ ಸಪ್ಪೆ ಊಟಾನಾ?”

ಮಗಳಿಗೆ ನಗು ಬಂತು. “ಪರೀಕ್ಷೆ ಶುರುಮಾಡೋ ಮೊದಲು ಸಮುದ್ರದ ನೀರಲ್ಲೇ ಮಾಡ್ತಿದ್ವಿ. ಕ್ಯಾನುಗಟ್ಟಲೆ ಹೊತ್ತು ಸೊಂಟ ಬಿದ್ದುಹೋಯ್ತು, ಬಿಟ್ವಿ. ಸಪ್ಪೆ ಹಾಕಿದ್ರೂ ಚೆನ್ನಾಗೇ ಬೆಳೀತವೆ.”

“ಬೆಳೆಯೋದು ಬೇರೆ ಕಣೇ. ಸಪ್ಪೆ ಸಾರು ಬಡಿಸಿದ ದಿನಾನೂ ನಮ್ಮ ಹುಡುಗಿಯರು ತಿಂತಿದ್ರು, ಹಸಿವು ಕೇಳಬೇಕಲ್ಲ. ಆದ್ರೆ ತಿಂದು ಸುಮ್ಮನೆ ಮಲಗಿಬಿಡೋರು. ಬಾಯಿಗೆ ಹಿಡಿಸಿದ ದಿನ ನೋಡ್ಬೇಕಿತ್ತು! ಹಾಡೇನು, ಜಗಳವೇನು, ಕಟ್ಟಡಾನೇ ಎತ್ತಿಹಾಕೋರು. ಸುಮ್ನೆ ಹೇಳ್ತಾರಾ, ಉಪ್ಪಿಗಿಂತ ರುಚಿಯಿಲ್ಲ—”

“—ತಾಯಿಗಿಂತ ಬಂಧುವಿಲ್ಲ. ಗೊತ್ತು ಕಣಮ್ಮಾ. ಬಸ್ಸು ತಪ್ಪುತ್ತೆ, ಹೊರಡು.”

ಅಮ್ಮ ಹೊರಟಳು. ಆದರೆ ‘ಜಗಳ’ ಅನ್ನುವ ಮಾತು ಮಗಳ ಕಿವಿಯಲ್ಲೇ ಉಳಿಯಿತು. ಅವಳಿಗೆ ಬೇಕಿದ್ದದ್ದು ಅದೇ ತಾನೆ? ಹೊಟ್ಟೆ ತುಂಬಿಸಿಕೊಂಡು ತೆಪ್ಪಗೆ ಬಿದ್ದಿರುವ ಬ್ಯಾಕ್ಟೀರಿಯಾ ಅಲ್ಲ, ಜಗಳಕ್ಕೆ ನಿಲ್ಲುವಂಥದ್ದು. ಅವು ಬೆಳೆಯುತ್ತವೋ ಇಲ್ಲವೋ ಎಂದಷ್ಟೇ ನೋಡಿ ತಾನು ಸಮಾಧಾನ ಪಟ್ಟುಕೊಂಡಿದ್ದೆನಲ್ಲ ಎನ್ನಿಸಿ ಅವಳಿಗೆ ಕೆನ್ನೆ ಬಿಸಿಯಾಯಿತು.

ಮರುದಿನವೇ ಅಳಿವೆಯಿಂದ ನಾಲ್ಕು ಕ್ಯಾನು ನೀರು ಬಂತು. ಸೋಸಿ, ಕುದಿಸಿ, ಒಂದನೇ ನಂಬರಿನಿಂದ ಮತ್ತೆ ಶುರು. ಪಕ್ಕದ ಮೇಜಿನ ರಸಾಯನಶಾಸ್ತ್ರದವನು ತಲೆ ಮೇಲೆ ಕೈ ಹೊತ್ತ. “ಆರುನೂರನ್ನೂ ಮತ್ತೆ ನೋಡ್ತೀರಾ ಮೇಡಂ? ನಮ್ಮ ಕೂದಲು ಹಣ್ಣಾಗುತ್ತೆ!”

“ನಿಮಗೆ ಹಣ್ಣಾಗೋಕೆ ಕೂದಲೆಲ್ಲಿದೆ?” ಅಂದಳು ಅವಳು.

ಏಳನೇ ವಾರ, ಇನ್ನೂರ ಮೂವತ್ತೆಂಟನೆಯ ತಟ್ಟೆ. ಕಿಟಕಿಯ ಬೆಳಕಿಗೆ ಹಿಡಿದಾಗ ತುಣುಕಿನ ಸುತ್ತ ದುಂಡಗೆ, ಕೊರೆದಿಟ್ಟ ಹಾಗೆ ಒಂದು ಬಳೆ! ಅವಳು ಕೂಗಲಿಲ್ಲ. ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟು, ಕುರ್ಚಿ ಎಳೆದು ಕೂತಳು. ಉಪ್ಪೇ ಶಿಲೀಂಧ್ರವನ್ನು ಕೊಂದಿದ್ದರೆ? ಬ್ಯಾಕ್ಟೀರಿಯಾ ಇಲ್ಲದ ಬರೀ ಉಪ್ಪುನೀರಿನ ಊಟದ ತುಣುಕನ್ನೂ ಪಕ್ಕದಲ್ಲಿಟ್ಟು ಮೂರು ಸಲ ಮಾಡಿ ನೋಡಿದಳು. ಬರೀ ಉಪ್ಪಿನ ಸುತ್ತ ಶಿಲೀಂಧ್ರ ಹುಲುಸಾಗಿ ಬೆಳೆಯಿತು. ಇನ್ನೂರ ಮೂವತ್ತೆಂಟರ ಸುತ್ತ ಮೂರೂ ಸಲ ಬಳೆ.

ಆಗ ಕೂಗಿದಳು ನೋಡಿ! ಮೂರನೇ ಮಹಡಿಯವರು ಬೆಂಕಿ ಬಿತ್ತೆಂದುಕೊಂಡು ಮೆಟ್ಟಿಲಿಳಿದು ಓಡಿಬಂದರು. ಬಂದವರೆಲ್ಲ ಸಾಲಾಗಿ ನಿಂತು, ಕೂಸಿನ ಮುಖ ನೋಡುವವರಂತೆ ತಟ್ಟೆ ನೋಡಿದರು. ಅವಳು ಅಮ್ಮನಿಗೆ ಫೋನು ಹಚ್ಚಿದಳು. “ಅಮ್ಮಾ, ಜಗಳ ಆಡಿತು ಕಣಮ್ಮಾ!”

“ಯಾರ ಜೊತೆ ಜಗಳ ಆಡ್ದೆ?” ಅಮ್ಮ ಗಾಬರಿಯಾದಳು. ವಿಷಯ ತಿಳಿಸುವಷ್ಟರಲ್ಲಿ ಇಬ್ಬರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು.

ರಸವನ್ನು ಬಿಡಿಸಿ ನೋಡಲು ರಸಾಯನದವನಿಗೆ ಐದು ತಿಂಗಳು ಹಿಡಿಯಿತು. ಅದರಲ್ಲಿ ಮೂರು ವಸ್ತುಗಳಿದ್ದವು. ಎರಡು ಹಳೆಯವು, ಪುಸ್ತಕಗಳಲ್ಲಿ ಇದ್ದಂಥವೇ. ಮೂರನೆಯದು ಅವನು ತಡಕಾಡಿದ ಯಾವ ಪಟ್ಟಿಯಲ್ಲೂ ಇರಲಿಲ್ಲ, ಶಿಲೀಂಧ್ರವನ್ನು ಮಣಿಸಿದ್ದೂ ಅದೇ. ಔಷಧಿಯಾಗಲು ಇನ್ನೂ ಹತ್ತು ವರ್ಷವಾದರೂ ಬೇಕು, ಆಗದೆಯೂ ಹೋಗಬಹುದು ಎಂದು ಮಗಳು ಮುಚ್ಚುಮರೆಯಿಲ್ಲದೆ ಹೇಳಿದಾಗ ಅಮ್ಮ, “ಬೇಯೋದು ನಿಧಾನಕ್ಕೇ ಬೇಯಲಿ. ಮೊದಲು ನನ್ನನ್ನ ಆ ಕಾಡಿಗೆ ಕರ್ಕೊಂಡು ಹೋಗು,” ಅಂದಳು.

ನೀರು ಇಳಿದ ಒಂದು ಬೆಳಿಗ್ಗೆ ಇಬ್ಬರೂ ಹೋದರು. ನಾಲ್ಕು ಹೆಜ್ಜೆಗೇ ಅಮ್ಮ ಮೊಣಕಾಲವರೆಗೆ ಹೂತಳು. ಎಳೆಯಲು ಹೋದ ಮಗಳು ಜಾರಿ ದೊಪ್ಪನೆ ಪಕ್ಕದಲ್ಲೇ ಕೂತಳು. ಏಡಿಗಳು ಬಿಲ ಸೇರಿದವು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ಚಾಚಿ ಹೇಳಿದಳು: “ಹೇಗೂ ಕೂತಾಯ್ತಲ್ಲ, ಬಾಟಲಿ ಇತ್ತ ಕೊಡು. ನಾನೇ ತುಂಬ್ತೀನಿ.”