ಸಿದ್ಧನಗಡ್ಡಿಯ ಎರಡು ಸೊನ್ನೆಗಳು

ಕಲ್ಯಾಣಪ್ಪ ಕಾಕಾ ಮೊದಲ ಸಲ ನಮ್ಮ ಕಾಲೇಜಿಗೆ ಬಂದಾಗ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ಇತಿಹಾಸದ ಮೇಡಂ ಭಾಗ್ಯಜ್ಯೋತಿ ಅಂದ್ರ ನೀವೇ ಏನ್ರಿ? ನಮ್ಮ ಮೊಮ್ಮಗಳು ನಿಮ್ಮ ಕ್ಲಾಸಿಗಿ ಬರ್ತಾಳ್ರಿ. ಮೇಡಂ ಮಾತು ಕಡಿಮಿ, ಹುಡುಕೂದು ಜಾಸ್ತಿ ಅಂತ ಹೇಳ್ತಿರ್ತಾಳ.”

“ಏನು ಹುಡುಕಬೇಕಾಗಿತ್ರಿ ಕಾಕಾ?”

“ಒಂದು ಊರ್ರಿ,” ಅಂದರು. ಆಮೇಲೆ ಕೂತರು.

ಅವರದು ಅಫಜಲಪುರ ತಾಲೂಕಿನ ತೆಗ್ಗಿನಾಳ, ಭೀಮಾ ನದಿಯ ದಂಡೆಯ ಊರು. ಆ ಊರಿನ ಅಂಚಿನಲ್ಲಿ ಅರವತ್ತು ಮನೆಗಳ ಒಂದು ಓಣಿ ಇದೆ. ಅಲ್ಲಿರುವವರ ಹಿರಿಯರು ನದಿಯ ನಡುವಿನ ಸಿದ್ಧನಗಡ್ಡಿ ಎಂಬ ನಡುಗಡ್ಡೆಯಲ್ಲಿ ಬಾಳಿದವರು. ಎಪ್ಪತ್ತು ವರ್ಷಗಳ ಹಿಂದೆ ಮಹಾಪೂರ ಬಂದಾಗ ಎಲ್ಲರೂ ಗಡ್ಡೆ ಬಿಟ್ಟು ದಂಡೆಗೆ ಬಂದು ನೆಲೆಸಿದರು. ಈಗ ಸರಕಾರ ಇಂಥ ಓಣಿಗಳನ್ನು ಪ್ರತ್ಯೇಕ ಕಂದಾಯ ಗ್ರಾಮ ಮಾಡುತ್ತಿದೆ. ಓಣಿಯವರು ಸಿದ್ಧನಗಡ್ಡಿ ಎಂದೇ ಹೆಸರಿಡಿ ಎಂದರು. ಪಂಚಾಯಿತಿ ಅಧ್ಯಕ್ಷ ಅರುಣಕುಮಾರ ‘ತೆಗ್ಗಿನಾಳ ಹೊಸೂರು’ ಸಾಕು ಎಂದರು. ತಹಶೀಲ ಕಚೇರಿಯ ಸಾಹೇಬರು ಎರಡೂ ಕಡೆ ಕೇಳಿ, ಗಡ್ಡೆಯ ಮೇಲೆ ಜನ ಇದ್ದ ಪುರಾವೆ ತಂದರೆ ಆ ಹೆಸರು, ಇಲ್ಲದಿದ್ದರೆ ಹೊಸೂರು ಎಂದಿದ್ದರು.

“ಗಡ್ಡಿ ಮ್ಯಾಲ ಮನಿ ಪಾಯ ಇಲ್ಲೇನ್ರಿ?”

“ಅದಾವ್ರಿ. ದನದ ಕೊಟ್ಟಿಗಿ ಪಾಯ ಅಂತಾನ ಅರುಣಕುಮಾರ.” ಕಾಕಾ ಧೋತರದ ಅಂಚಿನಿಂದ ಮುಖ ಒರೆಸಿಕೊಂಡರು. “ಹೆಣ್ಣು ನೋಡಾಕ ಹೋದಲ್ಲಿ ನಿಮ್ಮ ಮೂಲ ಊರು ಯಾವುದು ಅಂತ ಕೇಳ್ತಾರ್ರಿ. ಗಡ್ಡಿ ಅಂದ್ರ ಬಾಜೂಕ್ಕ ಕುಂತ ತೆಗ್ಗಿನಾಳದವರು ನಗ್ತಾರ. ‘ಇವರು ಹೊಳ್ಯಾಗ ತೇಲಿ ಬಂದವರು’ ಅಂತಾರ. ನಮ್ಮಪ್ಪ ಈ ಮಾತು ಕೇಳಿಕೋತ ಸತ್ತ. ನಾ ಕೇಳಿಕೋತ ಸಾಯಂಗಿಲ್ಲ.”

ನಾನು ಹುಡುಕುತ್ತೇನೆಂದೆ. ಸಿಗುತ್ತದೆ ಎಂದೂ ಹೇಳಿದೆ. ಹಾಗೆ ಹೇಳಲು ನನಗೆ ಅಳುಕಾಗಲಿಲ್ಲ. ಜನ ಇದ್ದ ಜಾಗ ಯಾವುದಾದರೂ ರೂಪದಲ್ಲಿ ಲೆಕ್ಕದೊಳಗೆ ಬಂದೇ ಬಂದಿರುತ್ತದೆ.

ಹಳೆಯ ಜನಗಣತಿಯ ಕೋಷ್ಟಕಗಳು ಕಲಬುರಗಿಯ ಗ್ರಂಥಾಲಯದಲ್ಲಿದ್ದವು. ನಿಜಾಮರ ಕಾಲದ ಮುದ್ರಣ, ಹಾಳೆ ಹಳದಿಗಟ್ಟಿತ್ತು, ಅಂಕಿಗಳು ಮಾತ್ರ ನಿಚ್ಚಳವಾಗಿದ್ದವು. ಎರಡು ರವಿವಾರ ಹೋಗಿ ತೆಗ್ಗಿನಾಳದ ಸಾಲುಗಳನ್ನು ಹುಡುಕಿದೆ. ಅದರ ಕೆಳಗೇ ಸಿದ್ಧನಗಡ್ಡಿ ಇತ್ತು. ಹೆಸರು ಸಿಕ್ಕ ಖುಷಿಗೆ ಅಲ್ಲಿಂದಲೇ ಕಾಕಾರಿಗೆ ಫೋನ್ ಹಚ್ಚಲು ಹೊರಟವಳು, ಮುಂದಿನ ಕಾಲಂ ಓದಿ ಫೋನ್ ಕೆಳಗಿಟ್ಟೆ.

ಹತ್ತೊಂಬತ್ತುನೂರಾ ಹನ್ನೊಂದರಲ್ಲಿ ಸಿದ್ಧನಗಡ್ಡಿಯ ಜನಸಂಖ್ಯೆ ಸೊನ್ನೆ. ಇಪ್ಪತ್ತೊಂದರಲ್ಲಿ ನೂರಾ ತೊಂಬತ್ತೆಂಟು. ಮೂವತ್ತೊಂದರಲ್ಲಿ ಮತ್ತೆ ಸೊನ್ನೆ.

ಸಂಜೆ ಫೋನಿನಲ್ಲಿ ಹೇಳಿದಾಗ ಕಾಕಾ ಅಂಕಿಗಳನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, “ಇದು ಅರುಣಕುಮಾರನ ಕೈಗಿ ಸಿಕ್ರ ಮುಗೀತ್ರಿ. ನಡುವಿಂದು ಛಾಪಾದ ತಪ್ಪು ಅಂತಾನ,” ಅಂದರು.

ನನಗೆ ಹಾಗನ್ನಿಸಲಿಲ್ಲ. ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ಅಪ್ಪ ಮತ್ತು ದೊಡ್ಡಪ್ಪ ಒಂದೇ ಪಡಸಾಲೆಯಲ್ಲಿ ವರ್ಷಗಟ್ಟಲೆ ಮಾತಿಲ್ಲದೆ ಉಂಡವರು. ಸುಮ್ಮನಿರುವವರು ಏನೂ ಇಲ್ಲದವರಲ್ಲ, ಅವರ ಬಳಿ ಹೇಳದೆ ಇಟ್ಟುಕೊಂಡದ್ದೇನೋ ಇರುತ್ತದೆ ಎಂಬುದನ್ನು ಅಲ್ಲಿ ರೊಟ್ಟಿ ಬಡಿಸುತ್ತಲೇ ಕಲಿತಿದ್ದೆ. ಕೋಷ್ಟಕದಲ್ಲಿಯೂ ನನ್ನ ಕಣ್ಣು ಮೊದಲು ಹೋಗುವುದು ಖಾಲಿ ಜಾಗಕ್ಕೆ.

ಹಾಗಾಗಿ ಗಡ್ಡೆಯ ಸಾಲು ಬಿಟ್ಟು ತೆಗ್ಗಿನಾಳದ ಸಾಲು ನೋಡಿದೆ. ಹನ್ನೊಂದರಲ್ಲಿ ಎಂಟುನೂರಾ ನಲವತ್ತಾರು. ಇಪ್ಪತ್ತೊಂದರಲ್ಲಿ ಆರುನೂರಾ ಹನ್ನೊಂದಕ್ಕೆ ಇಳಿದಿತ್ತು. ಮೂವತ್ತೊಂದರಲ್ಲಿ ಎಂಟುನೂರಾ ಎಪ್ಪತ್ನಾಲ್ಕಕ್ಕೆ ಏರಿತ್ತು. ಗಡ್ಡೆಯಲ್ಲಿ ಜನ ಕಂಡ ವರ್ಷವೇ ತೆಗ್ಗಿನಾಳದಲ್ಲಿ ಜನ ಕಡಿಮೆ. ಎರಡೂ ಊರು ಕೂಡಿಸಿದರೆ ಮೂರೂ ಗಣತಿಗಳಲ್ಲಿ ಎಂಟುನೂರರ ಮೇಲೆಯೇ, ಹೆಚ್ಚು ಏರಿಳಿತವಿಲ್ಲ. ಜನ ಎಲ್ಲಿಯೂ ಮಾಯವಾಗಿರಲಿಲ್ಲ. ಬೇರೆ ಸಾಲಿನಲ್ಲಿ ನಿಂತಿದ್ದರು, ಅಷ್ಟೇ.

ಆಗಿನ ಗಣತಿ ಒಂದೇ ರಾತ್ರಿಯದು. ಬೇಸಿಗೆ ಇನ್ನೂ ಕಾಲಿಡುವ ಮುಂಚೆ, ಫೆಬ್ರವರಿ ಇಲ್ಲವೇ ಮಾರ್ಚಿನ ಒಂದು ರಾತ್ರಿ, ಯಾರು ಎಲ್ಲಿ ಸಿಕ್ಕರೋ ಅಲ್ಲಿಯವರೆಂದು ಬರೆದುಕೊಳ್ಳುತ್ತಿದ್ದರು. ಅಂದರೆ ಆ ಎರಡು ರಾತ್ರಿ ಇಡೀ ಸಿದ್ಧನಗಡ್ಡಿ ದಂಡೆಯಲ್ಲಿತ್ತು. ಯಾಕೆ? ಬಂದವರೂ ತಮ್ಮೂರು ಗಡ್ಡೆ ಎಂದು ಯಾಕೆ ಹೇಳಲಿಲ್ಲ? ಕಾಕಾರಿಗೆ ಗೊತ್ತಿರಲಿಲ್ಲ. ಅವರು ಹುಟ್ಟುವ ಹೊತ್ತಿಗೆ ಗಡ್ಡೆ ಬಿಟ್ಟಾಗಿತ್ತು.

“ಗಡ್ಡಿ ಮ್ಯಾಲ ಹುಟ್ಟಿದವರು ಈಗ ಒಬ್ಬಾಕಿನೇ ಉಳದಾಳ್ರಿ, ಖುರ್ಷಿದಬೇಗಂ ಅತ್ತಿ. ಜೇವರ್ಗಿ ಕಡಿ ಇಜೇರಿಗಿ ಕೊಟ್ಟಾರ. ತೊಂಬತ್ತರ ಹತ್ರ ಬಂದಾಳ, ಆದ್ರ ನಾಲಿಗಿ ಇನ್ನಾ ಇಪ್ಪತ್ತರದು.”

ಮುಂದಿನ ರವಿವಾರ ಇಬ್ಬರೂ ಜೇವರ್ಗಿ ಬಸ್ಸು ಹಿಡಿದೆವು, ಅಲ್ಲಿಂದ ಇಜೇರಿಗೆ. ದಾರಿಯುದ್ದಕ್ಕೂ ಬಿಳಿಜೋಳದ ಹೊಲಗಳು ಕೊಯ್ದು ಬಯಲಾಗಿದ್ದವು. ಕಾಕಾ ಅತ್ತೆಗೆಂದು ಬಾಳೆಹಣ್ಣು ಕಟ್ಟಿಸಿಕೊಂಡಿದ್ದರು; ಜೇವರ್ಗಿ ದಾಟುವ ಹೊತ್ತಿಗೆ ಚಿಂತೆಯಲ್ಲಿ ತಾವೇ ಎರಡು ತಿಂದಿದ್ದರು.

ಖುರ್ಷಿದಬೇಗಂ ಮನೆಯ ಹಿಂದಿನ ಬಯಲಲ್ಲಿ ಹೊರಸಿನ ಮೇಲೆ ಕೂತಿದ್ದರು. ಎದುರಿಗೆ ತಾಡಪತ್ರಿಯ ಮೇಲೆ ಜೋಳದ ರಾಶಿ. ಮಶೀನು ಬಂದು ಹೋಗಿ, ಚೀಲ ತುಂಬುವುದೊಂದು ಬಾಕಿ ಇತ್ತು. ಮುದುಕಿ ರಾಶಿಗೆ ಕಾವಲು. ಸೊಸೆ ಶಾಹೀನ ಬಾಗಿಲಲ್ಲಿ ನಿಂತು, “ಬರ್ರಿ ಬರ್ರಿ, ಅಮ್ಮೀ ಮುಂಜಾನಿಂದ ಕೋಳಿ ಕೂಡ ಜಗಳ ಮಾಡಿಕೋತ ಕುಂತಾರ,” ಎಂದು ನಕ್ಕಳು.

ಕಾಕಾ ಕಾಲಿಗೆ ಬಗ್ಗಿದರು. ಮುದುಕಿ ಅವರ ಗಲ್ಲ ಹಿಡಿದು, “ಎಷ್ಟ್ ಮುದುಕ ಆಗೀಯೋ ಕಲ್ಯಾ! ನನಗಿಂತ ದೊಡ್ಡಾವ ಕಾಣಾಕತ್ತಿ,” ಅಂದರು.

ನಾನು ಪಕ್ಕದಲ್ಲಿ ಕೂತು ಕೇಳಿದೆ. “ಅಜ್ಜಿ, ನೀವು ಹುಟ್ಟಿದ ಊರು ಯಾವುದ್ರಿ?”

ಅವರು ರಾಶಿಯನ್ನು ನೋಡಿದರು, ಆಮೇಲೆ ನನ್ನನ್ನು. “ಇಲ್ಲೇ,” ಅಂದರು.

“ಇಲ್ಲೇ ಅಂದ್ರ, ಇಜೇರಿ ಏನ್ರಿ?”

“ಇಲ್ಲೇ ಬೇಟಿ, ಇಲ್ಲೇ.”

ಕಾಕಾರ ಮುಖ ಕಪ್ಪಿಟ್ಟಿತು. “ಅತ್ತಿ, ಏನ್ ಮಾತಾಡಾಕತ್ತಿ? ನೀ ಹುಟ್ಟಿದ್ದು ಸಿದ್ಧನ—”

ಮುದುಕಿ ಕೈಯಲ್ಲಿದ್ದ ಕೋಳಿ ಓಡಿಸುವ ಕಡ್ಡಿಯಿಂದ ಅವರ ಮಂಡಿಗೆ ಒಂದು ಬಿಟ್ಟರು. “ಚುಪ್ ಲೇ! ಹಲ್ಲು ಉದುರಿದ್ರೂ ಅಕಲ್ ಬಂದಿಲ್ಲ ನಿನಗ. ಶಾಹೀನ, ಏಳಸು ನನ್ನ. ಒಳಗ ನಡೀರಿ ಎಲ್ಲಾ.”

ಶಾಹೀನ ರಟ್ಟೆ ಹಿಡಿದು ನಡೆಸಿದಳು. ಒಳಗೆ ಗೋಡೆಗೆ ಒರಗಿ ಕೂತು, ಬಾಗಿಲು ಮುಚ್ಚಿಸಿ, ಒಂದು ಲೋಟ ನೀರು ಕುಡಿದು ಮುದುಕಿ ನನ್ನ ಕಡೆ ತಿರುಗಿದರು.

“ಈಗ ಕೇಳು. ಸಿದ್ಧನಗಡ್ಡಿ. ನಾ ಹುಟ್ಟಿದ್ದು, ನಮ್ಮ ಅಬ್ಬಾ ಹುಟ್ಟಿದ್ದು, ನಮ್ಮ ದಾದಾ ಹುಟ್ಟಿದ್ದು, ಎಲ್ಲಾ ಸಿದ್ಧನಗಡ್ಡಿ.”

“ಹೊರಗ ಯಾಕ ಹೇಳಲಿಲ್ರಿ?”

“ರಾಶಿ ಮುಂದ ನೀರಾಗಿನ ಊರಿನ ಹೆಸರು ಎತ್ತತಾರೇನು? ರಾಶಿ ಹರಕೊಂಡು ಹೋಗ್ತದ. ನಮ್ಮ ಕಡಿ ಹೊಳಿ ಅನ್ನಂಗಿಲ್ಲ, ಗಡ್ಡಿ ಅನ್ನಂಗಿಲ್ಲ, ಮಳಿ ಅನ್ನಂಗಿಲ್ಲ. ನೀರು ಬೇಕಾದ್ರ ತಂಪು ಕೊಡು ಅನ್ನೂದು.”

“ನಾ ಮದಿವಿಯಾಗಿ ಬಂದ ವರ್ಷ ರಾಶಿ ಹತ್ರ ನಿಂತು ‘ಅಮ್ಮೀ, ನೀರು ತರ್ಲೇನ್ರಿ’ ಅಂದೆ,” ಶಾಹೀನ ಅಂದಳು. “ಚೀಲ ತುಂಬೂತನಕ ನನ್ನ ಕೂಡ ಮಾತು ಬಿಟ್ಟಿದ್ರು ನೋಡ್ರಿ.”

“ಹೂಂ, ಆ ವರ್ಷ ಆರು ಚೀಲ ಕಡಿಮಿ ಆದ್ವು. ಅದು ಹೇಳಂಗಿಲ್ಲ ಈಕಿ.”

ನನಗೆ ಆ ಎರಡು ಸೊನ್ನೆಗಳು ನೆನಪಾದವು. ಆದರೂ ಅವಸರ ಮಾಡಲಿಲ್ಲ. “ರಾಶಿ ದಿನದಾಗ ನೀವೆಲ್ಲ ಎಲ್ಲಿ ಇರ್ತಿದ್ರಿ ಅಜ್ಜಿ?”

“ದಂಡಿಗಿ. ಗಡ್ಡಿ ಮ್ಯಾಲ ಏನ್ ಬೆಳೀತಿತ್ತು? ಸೌತಿಕಾಯಿ, ಬದನಿಕಾಯಿ. ಜೋಳದ ಹೊಲ ಎಲ್ಲಾ ತೆಗ್ಗಿನಾಳದ ಕಡಿ. ಕಣ ಸಾರಿಸಿದ ದಿನ ಮುದುಕರು, ಕೂಸು, ಕೋಳಿ ಎಲ್ಲಾ ಕಟಗೊಂಡು ಈ ಕಡಿ ಬರ್ತಿದ್ವಿ. ಕಣದಾಗೇ ಅಡಗಿ, ಕಣದಾಗೇ ನಿದ್ದಿ. ರಾಶಿ ಪೂಜಿ ಆಗಿ ಕಾಳು ಅಳದು ಮುಗಿಯೂತನಕ ಹೊಳಿ ದಾಟಂಗಿಲ್ಲ. ಲಿಂಗಾಯತರೂ ಅಷ್ಟೇ, ನಾವೂ ಅಷ್ಟೇ.”

“ಗಡ್ಡಿ ಮ್ಯಾಲ ಒಬ್ಬರೂ ಉಳೀತಿದ್ದಿಲ್ಲೇನ್ರಿ?”

“ನಾಯಿ ಉಳೀತಿದ್ವು. ಅವಕೇನು ಕಣ ಅದ ಬೇಟಿ?”

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಾನಿಸಿ ಕೂತೆ. ಕಂದೀಲು ಹಿಡಿದ ಒಬ್ಬ ಗಣತಿದಾರ ಕಣದಿಂದ ಕಣಕ್ಕೆ ನಡೆದು ಬರುವುದು ಕಣ್ಣಿಗೆ ಕಟ್ಟುತ್ತಿತ್ತು. ಯಾವೂರು ಎಂದು ಕೇಳುತ್ತಾನೆ. ರಾಶಿಯ ಪಕ್ಕದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ಇಲ್ಲೇ’ ಅನ್ನುತ್ತಾರೆ. ಅವನು ಕೇಳಿದ್ದನ್ನೇ ಬರೆದುಕೊಳ್ಳುತ್ತಾನೆ. ಅವನದೂ ತಪ್ಪಲ್ಲ, ಅವರದೂ ಸುಳ್ಳಲ್ಲ. ಕಾಳು ಉಳಿಸಿಕೊಳ್ಳಲು ಊರಿನ ಹೆಸರನ್ನು ನುಂಗಿಕೊಂಡರು.

ಉಳಿದದ್ದು ಇಪ್ಪತ್ತೊಂದನೆಯ ಇಸವಿ. ಅದರ ಉತ್ತರ ಆ ವರ್ಷದ ವರದಿಯ ಮುನ್ನುಡಿಯಲ್ಲೇ ಇತ್ತು: ಹಿಂದಿನ ಹಿಂಗಾರು ಕೈಕೊಟ್ಟು ಜೋಳ ತೆನೆ ಕಟ್ಟಿರಲಿಲ್ಲ. ಬೆಳೆ ಇಲ್ಲದ ಮೇಲೆ ಕಣ ಇಲ್ಲ, ರಾಶಿ ಇಲ್ಲ, ಯಾರೂ ಹೊಳೆ ದಾಟಲಿಲ್ಲ. ಗಣತಿದಾರನೇ ಹೊಳೆ ದಾಟಿ ಗಡ್ಡೆಗೆ ಹೋಗಿರಬೇಕು. ಸುಗ್ಗಿ ಕೂಡಿಬಂದ ವರ್ಷಗಳಲ್ಲಿ ಕಾಗದದಿಂದ ಅಳಿದ ಊರು, ಹೊಟ್ಟೆಗಿಲ್ಲದ ವರ್ಷ ಕಾಗದದ ಮೇಲೆ ಬಂದಿತ್ತು.

ಗ್ರಾಮಸಭೆ ತೆಗ್ಗಿನಾಳದ ಶಾಲೆಯಲ್ಲಿ. ಒಂದು ಕಡೆ ಊರಿನವರು, ಒಂದು ಕಡೆ ಓಣಿಯವರು. ಸಾಹೇಬರು ಮೇಜಿನ ಹಿಂದೆ, ಅವರ ಪಕ್ಕದಲ್ಲಿ ಅರುಣಕುಮಾರ. ನಾನು ಕರಿಹಲಗೆಯ ಮೇಲೆ ಎರಡೂ ಊರಿನ ಮೂರು ವರ್ಷದ ಅಂಕಿ ಬರೆದೆ, ಕೆಳಗೆ ಕೂಡಿಸಿದೆ. ಸೊನ್ನೆಗಳನ್ನು ದೊಡ್ಡದಾಗಿಯೇ ಬರೆದೆ. ಅವನ್ನು ಬಚ್ಚಿಡುವ ಅಗತ್ಯ ನನಗಿರಲಿಲ್ಲ.

“ಎರಡು ಸೊನ್ನಿಗಿ ಇಷ್ಟು ದೊಡ್ಡ ಪುರಾಣ ಏನ್ರಿ ಮೇಡಂ?” ಅರುಣಕುಮಾರ ಅಂದರು. ಊರಿನವರು ನಕ್ಕರು.

ನಾನು ಕಣದ ಪದ್ಧತಿ ಹೇಳಿದೆ, ಖುರ್ಷಿದಬೇಗಂ ರಾಶಿಯ ಮುಂದೆ ಬಾಯಿ ಬಿಡದೆ ಒಳಗೆ ಎದ್ದು ಹೋದದ್ದನ್ನು ಹೇಳಿದೆ, ಬೆಳೆ ಹೋದ ವರ್ಷದ ಲೆಕ್ಕ ತೋರಿಸಿದೆ. ನಗು ನಿಂತಿತು. ಸಾಹೇಬರು ಕರಿಹಲಗೆಯ ಹತ್ತಿರ ಬಂದು ತಾವೇ ಮತ್ತೊಮ್ಮೆ ಕೂಡಿಸಿ ನೋಡಿದರು.

“ಲೆಕ್ಕ ಕೂಡ್ತದ,” ಅಂದರು. “ಆದ್ರ ಕಣದಾಗ ಇದ್ದವರು ಗಡ್ಡಿಯವರೇ ಅಂತ ಈ ಊರಾಗ ಹೇಳವರು ಯಾರು?”

“ಅದ ನೋಡ್ರಿ!” ಅರುಣಕುಮಾರ ಎದ್ದರು. “ಮತ್ತ ನಮ್ಮೂರಿನ ಮಂದ್ಯಾಗಿಂದ ಎರಡನೂರು ಮಂದಿ ತಗದು ಇವರಿಗಿ ಕೊಡ್ತೀರೇನ್ರಿ? ಸರಕಾರ ಬರದದ್ದು ತೆಗ್ಗಿನಾಳ, ತೆಗ್ಗಿನಾಳನೇ.”

ಕಲ್ಯಾಣಪ್ಪ ಕಾಕಾ ಎದ್ದು ನಿಂತರು.

“ಛಲೋ ಆತು ಅಧ್ಯಕ್ಷರ. ನಮ್ಮ ಮುತ್ಯಾ ಅವರು ನಿಮ್ಮ ಊರಿನ ಮಂದಿ ಅಂತೀರಿ. ಹಂಗಾದ್ರ ಎಪ್ಪತ್ತು ವರ್ಷ ತೇಲಿ ಬಂದವರು ಅಂತ ಯಾಕ ಅಂದ್ರಿ? ನಿಮ್ಮವರು ಅಂದ್ರ ಇವತ್ತು ಎಲ್ಲರ ಮುಂದ ಆ ಮಾತು ವಾಪಸ್ ತಗೋರಿ, ನಾವು ಹೊಸೂರು ಅಂತ ಬರಸ್ತೇವಿ. ನಿಮ್ಮವರಲ್ಲ ಅಂದ್ರ ನಮ್ಮ ಹೆಸರು ನಮಗ ಕೊಡ್ರಿ. ಎರಡೂ ನಿಮ್ಮ ಕಿಸೆದಾಗೇ ಇರ್ಬೇಕೇನು?”

ಆಗ ಹೆಣ್ಣುಮಕ್ಕಳ ಸಾಲಿನಿಂದ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಅರುಣಕುಮಾರ ಅವರ ತಾಯಿ, ಎಂಬತ್ತೈದು ದಾಟಿದ ಶಾರದಾಬಾಯಿ ಮಾತಾಡಿದರು.

“ಅರುಣ್ಯಾ, ಕುಂಡ್ರು. ನಾ ಮದಿವಿಯಾಗಿ ಬಂದ ಹೊಸದಾಗಿ ಗಡ್ಡಿಯವರ ಕಣ ನಮ್ಮ ಹೊಲದ ಬಾಜೂಕ್ಕೇ ಇತ್ತು. ನಮ್ಮತ್ತಿ ದಿನಾ ರೊಟ್ಟಿ ಕಟ್ಟಿ ಕೊಟ್ಟು ಬಾ ಅಂತ ಕಳಸ್ತಿದ್ಲು.”

“ಅವ್ವಾ, ನೀ ನಡುವು ಬಾಯಿ ಹಾಕಬ್ಯಾಡ.”

“ರೊಟ್ಟಿ ಬಡದಾಕಿ ನಾ, ಹೊತ್ತಾಕಿ ನಾ. ಯಾರು ಉಂಡಾರಂತ ನನಗ ಗೊತ್ತೋ, ನಿನಗೋ?” ಅವರು ಓಣಿಯವರ ಕಡೆ ತಿರುಗಿದರು. “ತೇಲಿ ಬಂದವರಲ್ಲ ಇವರು. ಪ್ರತಿ ಸುಗ್ಗಿಗೂ ನಡಕೋತ ಬರ್ತಿದ್ರು, ರಾಶಿ ಹೊತಗೊಂಡು ಹೋಗ್ತಿದ್ರು. ಬರೀರಿ ಸಾಹೇಬ್ರ.”

ಸಾಹೇಬರು ಅವರ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಅರುಣಕುಮಾರ ಪೆನ್ನು ಕೇಳಿ ಪಡೆದು ಸಹಿ ಹಾಕಿದರು. “ತಗೋರಿ ಕಾಕಾ ನಿಮ್ಮ ಮಂದಿ,” ಅಂದರು. ಅದರಲ್ಲಿ ಅರ್ಧ ಸಿಟ್ಟಿತ್ತು, ಅರ್ಧ ಇರಲಿಲ್ಲ.

ಮನೆಗಳ ಸಮೀಕ್ಷೆ ಇವತ್ತೇ ಸುರು ಮಾಡಿ ಎಂದು ಸಾಹೇಬರು ಗ್ರಾಮಲೆಕ್ಕಿಗರಿಗೆ ಹೇಳಿದರು. ಅರ್ಧ ಊರು ಅವರ ಹಿಂದೆ ಓಣಿಗೆ ನಡೆಯಿತು. ಮೊದಲ ಮನೆ ಕಲ್ಯಾಣಪ್ಪ ಕಾಕಾರದೇ. ಅವರ ಹೆಂಡತಿ, ಕಾಕಿ, ಹಿಟ್ಟು ಮೆತ್ತಿದ ಕೈಯಲ್ಲಿ ಹೊರಗೆ ಬಂದು, ಇಷ್ಟು ಮಂದಿ ಕಂಡು ಗಾಬರಿಯಾದರು.

“ಊರು ಯಾವುದ್ರಿ ಅವ್ವಾರ?” ಗ್ರಾಮಲೆಕ್ಕಿಗರು ಕೇಳಿದರು.

“ತೆಗ್ಗಿನಾಳ್ರಿ.”

ಓಣಿಗೆ ಓಣಿಯೇ ನಕ್ಕಿತು. ಕಾಕಾ ಹಣೆ ಹಿಡಿದುಕೊಂಡರು. “ಏನ್ ಹೇಳಾಕತ್ತೀ ನೀ! ಜೇವರ್ಗಿ, ಕಲಬುರಗಿ ತಿರುಗಿ ನಾನು ಸತ್ತು ಹುಟ್ಟಿ ಬಂದೇನಿ...”

“ಜೇವರ್ಗಿಗಿ ಹೋಗಿ ಹೇಳೀರಿ, ಕಲಬುರಗಿಗಿ ಹೇಳೀರಿ. ಒಲಿ ಮುಂದ ಕುಂತಾಕಿಗಿ ಯಾರು ಹೇಳ್ಯಾರ?” ಕಾಕಿ ಸೆರಗಿಗೆ ಕೈ ಒರೆಸಿಕೊಂಡರು. ಎಲ್ಲರ ನಗು ಇಳಿಯುವವರೆಗೆ ಕಾಯ್ದು, ಹೊಸ್ತಿಲು ದಾಟಿ ಮುಂದೆ ಬಂದು ಗ್ರಾಮಲೆಕ್ಕಿಗರಿಗೆ ನೇರ ಹೇಳಿದರು.

“ಸಿದ್ಧನಗಡ್ಡಿ ಅಂತ ಬರ್ಕೊಳ್ರಿ. ಮನ್ಯಾಗ ಏಳು ಮಂದಿ. ಎಲ್ಲರೂ ಅದೇವಿ.”