ಅವ್ವನ ಹಿಟ್ಟಿನ ಚೀಲ

ಕೊಲ್ಲಿ ನಾಡಿನ ಅಲ್ ಖೋರ್ ಪಟ್ಟಣದ ನಮ್ಮ ಮನೆಯಲ್ಲಿ ದಿನವೂ ಎರಡು ಅಡುಗೆ ನಡೆಯುತ್ತಿದ್ದವು. ಒಂದು ನನ್ನದು. ಇನ್ನೊಂದು, ಊರಿಂದ ತಂದ ಜೋಳದ ಹಿಟ್ಟಿನಲ್ಲಿ ನನ್ನವ್ವ ನೀಲಕ್ಕ ತನಗೆಂದೇ ಬಡಿದುಕೊಳ್ಳುವ ರೊಟ್ಟಿ. ಹೆತ್ತವರು ಮಗಳ ಮನೆಯ ಅನ್ನ ಉಣ್ಣಬಾರದಂತೆ! ಯಾರು ಮಾಡಿದ ಕಟ್ಟಳೆಯೋ, ಅವರ ಬಾಯಿಗೆ ಮಣ್ಣು ಬೀಳಲಿ!

ಚೀಲ ಬರಿದಾಗುತ್ತ ಬಂದಂತೆ ಅವ್ವ ದಿನಕ್ಕೆ ಒಂದೇ ರೊಟ್ಟಿಗೆ ಇಳಿದಳು. ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ತಲೆಸುತ್ತಿ ಕುಸಿದಳು.

“ನಿನ್ನ ಕಾಲಿಗಿ ಬೀಳ್ತೀನಿ, ಉಣ್ಣವ್ವಾ.”

“ಕೊಟ್ಟ ಮಗಳ ಮನಿ ಕೂಳು ನನಗ ಬ್ಯಾಡ. ಹಿಟ್ಟು ತೀರಿದ್ರ ಹೋಗ್ತೀನಿ.”

“ಎಲ್ಲಿಗಿ? ಜಾಗಾ ಇಲ್ಲ ಅಂತ ಅಣ್ಣ ಫೋನಿನ್ಯಾಗ ಹೇಳ್ಯಾನಲ್ಲ!”

“ಮಠದಾಗ ಬಿದ್ದಿರ್ತೀನಿ. ಇಲ್ಲೇ ಉಂಡು ಕುಂತ್ರ ಮಂದಿ ಏನಂದಾರು?”

ನನ್ನ ಗಂಡ ಶಿವಪುತ್ರ “ಅತ್ತೀ, ನಾನೂ ನಿಮ್ಮ ಮಗಾನ ಅಲ್ಲೇನ್ರಿ?” ಎಂದು ಕೇಳಿದರೂ ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಅಂದು ಸಂಜೆ ಪಕ್ಕದ ಮನೆಯ ಮಿದೋರಿ ತನ್ನ ತಾಯಿ ಹಿಸಾಯೆಯೊಂದಿಗೆ ಅವ್ವನನ್ನು ನೋಡಲು ಬಂದಳು. ಹಿಸಾಯೆಗೆ ಎಂಬತ್ತೇಳು. ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ, ಮಗಳ ಮನೆಯಲ್ಲೇ ಇರಲೆಂದು ಜಪಾನಿನಿಂದ ಒಬ್ಬಳೇ ಬಂದಿಳಿದವಳು! ಬೆನ್ನು ಬಾಗಿದ ಆ ಮುದುಕಿಯನ್ನು ಅವ್ವ ಕಣ್ಣರಳಿಸಿ ನೋಡಿದಳು.

ತಾಯಿಯ ಮಾತನ್ನು ಮಿದೋರಿ ಇಂಗ್ಲಿಷಿನಲ್ಲಿ ಹೇಳಿದಳು, ನಾನು ಅವ್ವನಿಗೆ ಕನ್ನಡದಲ್ಲಿ ತಿಳಿಸಿದೆ. ಅವರ ಊರಲ್ಲೂ ಮುಪ್ಪಿಗೆ ಹಿರಿಯ ಮಗ, ಸೊಸೆಯೇ ದಿಕ್ಕಾಗಿದ್ದರಂತೆ. ಮದುವೆಯಾದ ಮಗಳು ಬೇರೆ ಮನೆಯವಳಂತೆ. ಈಗ ಗಂಡುಮಕ್ಕಳು ಪಟ್ಟಣ ಸೇರಿದ್ದಾರೆ, ಮಗಳ ಮನೆಗೆ ಹೋಗುವ ನಾಚಿಕೆ ಮಾತ್ರ ಮುದುಕರ ಬಳಿ ಉಳಿದಿದೆ. ಹಿಸಾಯೆಯ ಓಣಿಯ ಗೆಳತಿ, ಮಗಳು ಎಷ್ಟು ಕರೆದರೂ ಹೋಗಲಿಲ್ಲ. ಒಬ್ಬಳೇ ಇದ್ದ ಆ ಗೆಳತಿ ಸತ್ತು ಒಂಬತ್ತು ದಿನವಾದ ಮೇಲೆ ಬಾಗಿಲು ಒಡೆದರು.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನೀ ಮಗಳ ಮನಿಗಿ ಹೊಂಟಾಗ ಮಂದಿ ಏನೂ ಅನ್ನಲಿಲ್ಲೇನವ್ವಾ?”

ಹಿಸಾಯೆ ನಕ್ಕಳು. “ಅಂದರು. ಆ ಒಂಬತ್ತು ದಿನ ಅವರ್ಯಾರೂ ಅವಳ ಬಾಗಿಲು ತಟ್ಟಿರಲಿಲ್ಲ.” ಆಮೇಲೆ ನಗು ನಿಂತಿತು. “ನಾನೂ ತಟ್ಟಿರಲಿಲ್ಲ.”

ಆ ವಯಸ್ಸಿನಲ್ಲಿ ತನ್ನ ತಪ್ಪನ್ನೂ ಒಪ್ಪಿ, ಹುಟ್ಟಿದಾರಭ್ಯ ನಂಬಿದ್ದನ್ನು ಬಿಟ್ಟು, ಸಮುದ್ರ ದಾಟಿ ಬರುವುದೆಂದರೇನು! ನಾನು ಎದ್ದು ಅವಳ ಕಾಲು ಮುಟ್ಟಿದೆ.

ಅವರು ಹೋದ ಮೇಲೆ ಅವ್ವ ಗೋಡೆ ಹಿಡಿದು ಅಡುಗೆಮನೆಗೆ ನಡೆದಳು. ತನ್ನ ಚೀಲದಲ್ಲಿದ್ದ ಎರಡು ಹಿಡಿ ಹಿಟ್ಟನ್ನು ನನ್ನ ಹಿಟ್ಟಿನ ಡಬ್ಬಿಗೆ ಸುರಿದಳು. ಚೀಲ ಕೊಡವಿ ಮಡಚಿಟ್ಟಳು.

“ಸುವರ್ಣಾ, ತಾಟು ಹಾಕವ್ವಾ. ನನಗ ಭಾಳ ಹಸಿವಾಗೇತಿ.”