ಹಾಲವ್ವನ ಪೀಕದಾನಿ

ಮೊದಲಿಗೇ ಕ್ಷಮೆ ಕೇಳುತ್ತೇನೆ. ಒಂದು ಮನೆತನದ ಕತೆ ಹೇಳಲು ಆ ಮನೆಯ ತೊಟ್ಟಿಲೋ ದೀಪದ ಕಂಬವೋ ಮುಂದೆ ಬರಬೇಕಿತ್ತು. ಅವು ಉಳಿದಿಲ್ಲ. ಉಳಿದಿರುವುದು ನಾನು, ಒಂದು ಪೀಕದಾನಿ. ಎಲೆ ಅಡಿಕೆ ಮೆದ್ದವರು ಉಗುಳುವ ಹಿತ್ತಾಳೆಯ ಪಾತ್ರೆ. ನನ್ನ ಭಾಷೆಯೂ ಅಷ್ಟಕ್ಕಷ್ಟೆ, ಒಂದು ಸಂಜೆಶಾಲೆಯ ಪಕ್ಕದಲ್ಲಿ ಕೂತು ಕೇಳಿ ಕಲಿತದ್ದು. ಹೇಳುವುದರಲ್ಲಿ ತಪ್ಪಾದರೆ ಅದು ನನ್ನದು, ಹಾಲವ್ವನದಲ್ಲ.

ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ, ಧಾರವಾಡ ಸೀಮೆಯ ಒಬ್ಬ ಕಂಚುಗಾರನ ಕುಲುಮೆಯಲ್ಲಿ ನಾನು ಹುಟ್ಟಿದೆ. ನನ್ನ ಅಂಚು ಡೊಂಕಾಗಿತ್ತು. ಇನ್ನೊಮ್ಮೆ ತಟ್ಟಲು ಅವನ ಹೆಂಡತಿ ಹೇಳಿದಳು. "ಬಿಡ ಅತ್ಲಾಗ, ದೇವರ ಜಗಲಿಗೆ ಹೋಗೂದೇನ ಇದು? ಉಗುಳವರು ಅಂಚು ನೋಡ್ತಾರೇನು?" ಎಂದ ಅವನು. ಹುಟ್ಟುತ್ತಲೇ ನನಗೆ ಮನುಷ್ಯರ ಬಗ್ಗೆ ತಿರಸ್ಕಾರ ಬಂತು. ಅದನ್ನು ಬಿಡಲು ಅವರು ಮುಂದೆ ಹೆಚ್ಚು ಕಾರಣಗಳನ್ನು ಕೊಡಲಿಲ್ಲ.

ಅಡಿವೆಪ್ಪಗೌಡ ನನ್ನನ್ನು ಕೊಂಡು ಪಡಸಾಲೆಯಲ್ಲಿಟ್ಟ. ಉಗುಳಲು ಬಗ್ಗಿದಾಗ ನೆಲದಿಂದ ನೋಡಿದರೆ ದೊಡ್ಡವರೆಂಬವರು ಎರಡು ಮೂಗಿನ ಹೊಳ್ಳೆ, ಒಂದು ಗದ್ದ, ಅಷ್ಟೆ. ಊರ ಹಿರಿಯ ಚೆನ್ನಮಲ್ಲಪ್ಪನಿಗಂತೂ ನನ್ನಷ್ಟು ಅಗಲ ಬಾಯಿಗೂ ಗುರಿ ಇಡಲು ಬರುತ್ತಿರಲಿಲ್ಲ.

ಗೌಡನ ಮೊದಲ ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡಿದ್ದಳು. ಆಮೇಲೆ ಅವನು ಹಾಲವ್ವನೆಂಬ ಎಳೆಯ ವಿಧವೆಯನ್ನು ಉಡಕಿ ಮಾಡಿಕೊಂಡ. ವಿಧವೆಯನ್ನು ಮತ್ತೆ ಮದುವೆಯಾಗುವುದಕ್ಕೆ ಆ ಸೀಮೆಯಲ್ಲಿ ಉಡಕಿ ಎನ್ನುತ್ತಾರೆ. ಚಪ್ಪರವಿಲ್ಲ, ವಾಲಗವಿಲ್ಲ. ಗಂಡು ಸೀರೆ ಉಡಿಸುತ್ತಾನೆ, ಬಳೆ ಇಡಿಸುತ್ತಾನೆ. ಹಿರಿಯರು ಎಲೆ ಅಡಿಕೆ ತಿನ್ನುತ್ತಾರೆ. ತಿಂದರೆ ಒಪ್ಪಿದಂತೆ. ಆ ಸಂಜೆ ಎಲ್ಲರೂ ತಿಂದರು. ಗೌಡನ ತಮ್ಮ ಯಲ್ಲನಗೌಡ ಸುಣ್ಣ ಸಾಲದೆಂದು ಮತ್ತೆ ಕೇಳಿ ತಿಂದ. ಅವರ ಒಪ್ಪಿಗೆ ನನ್ನ ಕುತ್ತಿಗೆವರೆಗೆ ಬಂತು.

ಮರುದಿನ ಹಾಲವ್ವ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕುತ್ತ ನೆರೆಮನೆಯವಳಿಗೆ ಹೇಳಿದಳು: "ಇಷ್ಟ ಮಂದಿ ಒಪ್ಪಬಾರದಿತ್ತು ನೋಡವಾ, ತೊಳ್ಯಾಕ ಕೈ ಸೋತು."

ಕಾಶವ್ವ ಹುಟ್ಟಿದಳು. ಅವಳು ಓಡಾಡುವ ಹೊತ್ತಿಗೆ ಪ್ಲೇಗು ಬಂದು ಗೌಡ ಸತ್ತ. ಆ ಮನೆ ಅಣ್ಣತಮ್ಮಂದಿರು ಬೇರೆಯಾದಾಗ ಗೌಡನ ಪಾಲಿಗೆ ಬಂದದ್ದು, ಆದ್ದರಿಂದ ಹೆಂಡತಿಗೆ ಸೇರಬೇಕು. ಯಲ್ಲನಗೌಡ ಅವಳು ಹೆಂಡತಿಯೇ ಅಲ್ಲವೆಂದು ಅರ್ಜಿ ಕೊಟ್ಟ. ಅರ್ಜಿಗಳ ವಿಚಾರಣೆಗೆ ಊರೂರು ಸುತ್ತುತ್ತಿದ್ದ ಇಂಗ್ಲಿಷ್ ಸಾಹೇಬ ನಮ್ಮ ಪಡಸಾಲೆಗೇ ಬಂದು ಕುರ್ಚಿ ಹಾಕಿಸಿಕೊಂಡ. ಅವನ ಮಾತು ತಿಳಿಸಲು ಪುಣೆ ಕಡೆಯ ಶಿರಸ್ತೇದಾರ ಇದ್ದ. ಅವನ ಕನ್ನಡ ಅರ್ಧ ಮರಾಠಿ.

"ಬಾಯೀ, ಸತ್ತ ಗೌಡನ ಸಂಗಡ ನಿನ್ನ ಲಗ್ನ ಆಗೇದ ಕೀ ಇಲ್ಲ?"

"ಇಲ್ರೀ ಸರಕಾರ," ಎಂದಳು ಹಾಲವ್ವ. "ಲಗ್ನ ಮೊದಲ್ನೇದವರ ಜೋಡಿ. ಹೆಣ್ಣಿಗೆ ಲಗ್ನ ಒಮ್ಮೇ ರೀ. ಇವರ ಜೋಡಿ ಉಡಕಿ."

ಅಲ್ಲಿನವರ ಬಾಯಲ್ಲಿ ಲಗ್ನವೆಂದರೆ ಹೆಣ್ಣಿನ ಮೊದಲ ಮದುವೆ ಮಾತ್ರ. ಉಡಕಿಯವಳೂ ಅಷ್ಟೇ ಹೆಂಡತಿ, ಆದರೆ ಅದನ್ನು ಯಾರೂ ಲಗ್ನ ಎನ್ನುವುದಿಲ್ಲ. ಶಿರಸ್ತೇದಾರನ ಕಿವಿಗೆ ಬಿದ್ದದ್ದು 'ಇಲ್ಲ' ಒಂದೇ. ಆದರೂ ಅವನು ಇನ್ನೊಮ್ಮೆ ಕೇಳಿದ; ಅವಳು ಅದನ್ನೇ ಹೇಳಿದಳು. ಆಗ ಅವನು ಹಿರಿಯರ ಕಡೆ ತಿರುಗಿದ. "ಉಡಕಿ ಅಂದರ ಏನು? ಇಟ್ಟುಕೊಂಡಿದ್ದನೋ?"

ಚೆನ್ನಮಲ್ಲಪ್ಪನ ಬಾಯಲ್ಲಿ ಎಲೆಯಿತ್ತು. ತಾಳಿರೆಂದು ಕೈ ತೋರಿಸಿ, ಬಗ್ಗಿ, ನನ್ನೊಳಗೆ ಉಗುಳಿ, ತುಟಿ ಒರೆಸಿಕೊಂಡ.

"ನಮಗೇನ ಗೊತ್ರೀ ಸರಕಾರ," ಎಂದ. "ಅದು ಮನಿ ಒಳಗಿನ ಮಾತು."

ಉಳಿದವರು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಎಷ್ಟೋ ತರದ ಉಗುಳು ನೋಡಿದ್ದೇನೆ. ಅಂಥದ್ದು ಅದೊಂದೇ.

ಮನೆ ಯಲ್ಲನಗೌಡನದಾಯಿತು. ಹಾಲವ್ವನ ಗಂಟು ಬಿಚ್ಚಿಸಿ ಕೊಡ, ತಂಬಿಗೆ, ಗಂಗಾಳ ಎಲ್ಲ ತೆಗೆದಿಟ್ಟುಕೊಂಡ. ನನ್ನನ್ನು ಮುಟ್ಟಲು ಹೇಸಿ ಬಿಟ್ಟ.

"ಉಗುಳೂ ಡಬರಿ ಹೊತಗೊಂಡು ಹೊಂಟೀಯಲ್ಲ!" ಎಂದು ನಕ್ಕ.

"ಹೌದ್ರಿ ಗೌಡ್ರ," ಎಂದಳು ಹಾಲವ್ವ. "ನೀವು ಎಲ್ಲಾರೂ ಇದರಾಗ ಅದೀರಿ."

ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ದುಡಿದು ಮಗಳನ್ನು ಬೆಳೆಸಿದಳು. ಅವಳ ಖೋಲಿಯಲ್ಲಿ ಎಲೆ ತಿನ್ನುವವರು ಯಾರೂ ಇರಲಿಲ್ಲ. ಗಾಳಿಗೆ ಬಾಗಿಲು ಬಡಿಯದಂತೆ ನನ್ನನ್ನು ಅದಕ್ಕೆ ಒತ್ತಾಗಿ ಇಟ್ಟಳು. ಪಕ್ಕದ ಖೋಲಿಯಲ್ಲಿ ಗಿರಣಿಯವರ ಸಂಜೆಶಾಲೆ. ಕಾಶವ್ವ ಅಲ್ಲಿ ಓದಿದಳು, ನಾನೂ ಓದಿದೆ. ಒಂದು ದಿನ ಅವಳು ತಾಯಿಯನ್ನು ಕೇಳಿದಳು: "ಯವ್ವಾ, ಹೌದು ಲಗ್ನ ಆಗೇತಿ ಅಂದಿದ್ರ ಮನಿ ಉಳೀತಿತ್ತಲ್ಲ?" ಹಾಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವರು ಕೇಳಿದ್ದು ಲಗ್ನದ್ದು. ಕೇಳಿದ್ದಕ್ಕ ಹೇಳಿದೆ," ಎಂದಳು.

ಈಗ ನಾನು ಕಾಶವ್ವನ ಮೊಮ್ಮಗ ರಾಜಶೇಖರನ ಗಾಜಿನ ಕಪಾಟಿನಲ್ಲಿದ್ದೇನೆ. ನನ್ನ ಬಾಯಲ್ಲಿ ಪ್ಲಾಸ್ಟಿಕ್ ಗುಲಾಬಿ. ಬಂದವರಿಗೆಲ್ಲ "ನಮ್ಮ ಮುತ್ತಜ್ಜಿಯ ಹೂದಾನಿ" ಎನ್ನುತ್ತಾನೆ. ಮನೆತನದ ಚರಿತ್ರೆಯೆಂದು ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿದ್ದಾನೆ. ಅದರಲ್ಲಿ ಹಾಲವ್ವನಿಗೆ ಗೌಡನೊಂದಿಗೆ ವಾಲಗ, ಮೆರವಣಿಗೆ ಸಮೇತ ಭರ್ಜರಿ ಲಗ್ನ. ಅವನ ಹೆಂಡತಿ ಶಾರದಾ ಒಮ್ಮೆ ಕೇಳಿದಳು: "ಉಡಕಿ ಅಂತ ಬರೀಬಹುದಿತ್ತಲ್ರೀ?"

"ಬೀಗರು ಓದ್ತಾರ ಮಾರಾಯ್ತಿ, ಸುಮ್ನಿರು!"

ಚೆನ್ನಮಲ್ಲಪ್ಪನಾದರೂ ಒರೆಸಿಕೊಂಡದ್ದು ತನ್ನ ತುಟಿಯನ್ನು. ಈ ಮಹಾಶಯ ಒರೆಸಿ ಹಾಕಿದ್ದು ಅವಳು ಹೇಳಿದ ಮಾತನ್ನೇ. ಇಬ್ಬರಲ್ಲಿ ಯಾರು ಹೆಚ್ಚು ಹೀನರೆಂದು ತೂಗುವ ಯೋಗ್ಯತೆ ನನಗಿದೆಯೋ ಇಲ್ಲವೋ, ತೂಗುತ್ತಲೇ ಇದ್ದೇನೆ.

ಆದರೆ ಒಂದು ನನಗೆ ಗೊತ್ತಿಲ್ಲ, ಒಪ್ಪಿಕೊಳ್ಳುತ್ತೇನೆ. ಆ ದಿನ 'ಇಲ್ರೀ' ಎಂದಾಗ, ಆ ಮಾತಿಗೆ ಮನೆ ಹೋಗುತ್ತದೆಂದು ಹಾಲವ್ವನಿಗೆ ತಿಳಿದಿತ್ತೇ? ತಿಳಿಯದೆ ಅಂದಳೋ, ತಿಳಿದೇ ಅಂದಳೋ? ನಾನು ನೆಲದ ಮೇಲಿದ್ದೆ. ನನಗೆ ಕಂಡದ್ದು ಅವಳ ಪಾದ ಮಾತ್ರ. ಅವು ಅಲುಗಲಿಲ್ಲ. ಮುಖ ಕಾಣಲಿಲ್ಲ.